ಗದ್ದದ ಮೇಲಿನ ಮಾಸ್ಕು

"ಜನಕ್ಕೆ ತಿಳಿವಳಿಕೆ ಇರ್ಲಿಲ್ಲ ಕಣಕ್ಕ, ಅದಕ್ಕೇ ಕೊರೋನಾ ಹಂಗೆ ಹಬ್ಬಿದ್ದು" ಅಂದಳು ಪಕ್ಕದ ಮನೆಯಾಕೆ, ಬೇಲಿಯಾಚೆ ನಿಂತು ಕರಿಬೇವು ಕೀಳುತ್ತಾ.

ನಾನು ಒಪ್ಪಲಿಲ್ಲ. 2020ರಲ್ಲಿ ಯಾರಿಗೆ ಫೋನ್ ಹಚ್ಚಿದರೂ ಮೊದಲು ಕಾಲರ್ ಟ್ಯೂನಿನ ಕೆಮ್ಮು, ಆಮೇಲೆ ಉಪದೇಶ, ಕೊನೆಗೆ ನೆಂಟರ ದನಿ. ಸೋಪು, ಮಾಸ್ಕು, ಅಂತರ ಅಂತ ಅಂಗನವಾಡಿ ಮಕ್ಕಳೂ ಒಪ್ಪಿಸುತ್ತಿದ್ದವು. ಚಿತ್ರದುರ್ಗದ ಸಂತೆಯಲ್ಲಿ, ಹೊಳಲ್ಕೆರೆ ಬಸ್ಸಿನಲ್ಲಿ ಮಾಸ್ಕ್ ಇಲ್ಲದವರೇ ಕಮ್ಮಿ. ಇದ್ದದ್ದು ಗದ್ದದ ಮೇಲೆ, ಅಷ್ಟೇ. ಪೊಲೀಸರು ಕಂಡರೆ ಮೂಗಿಗೆ ಏರುತ್ತಿತ್ತು.

"ಮತ್ತೆ ಗೊತ್ತಿದ್ದೂ ಯಾಕೆ ಹಂಗಾಡಿದ್ರು?"

ಮರ್ಯಾದೆ ಕಣಮ್ಮ. ದೊಡ್ಡವರನ್ನು ಬಾಯಿ ಮುಚ್ಚಿಕೊಂಡು ಮಾತಾಡಿಸಿದರೆ, "ಏನವ್ವಾ, ನನಗೇನು ರೋಗ ಬಂದೈತಾ?" ಅಂತಾರೆ. ಆಗ ಕೊರೋನಾಕ್ಕೆ ಹದಿನಾಲ್ಕು ದಿನದ ಕ್ವಾರಂಟೈನ್. ಮದುವೆಗೆ ಹೋಗದಿದ್ದರೆ ಮುನಿಸು ಹತ್ತು ವರ್ಷ. ಯಾವುದಕ್ಕೆ ಹೆದರಬೇಕು ಹೇಳು? ಇನ್ನು ಇಪ್ಪತ್ತು ಸೆಕೆಂಡು ಕೈ ತೊಳೀರಿ ಅಂದವರು, ಬೇಸಿಗೆಯಲ್ಲಿ ನಲ್ಲಿಗೆ ಬಿಂದಿಗೆ ಇಟ್ಟುಕೊಂಡು ಕಾಯುವ ಹೊಸದುರ್ಗದ ಓಣಿಗೆ ಬಂದಿರಲಿಲ್ಲ.

ಅದರ ಮೇಲೆ 2020ರ ಮೇ ಶುರುವಿನಲ್ಲಿ ಕೇಂದ್ರ ಸರ್ಕಾರ ಚಿತ್ರದುರ್ಗ ಜಿಲ್ಲೆಯನ್ನು ಹಸಿರು ವಲಯ ಅಂತ ಘೋಷಿಸಿತು. ಏಳು ಸುತ್ತಿನ ಕೋಟೆ ರೋಗಕ್ಕೂ ಅಡ್ಡ ನಿಂತಿದೆಯೇನೋ ಅನ್ನುವಂಥ ಜಂಬ ನಮಗೆ. ಹಿರಿಯೂರು, ದುರ್ಗ ಎರಡನ್ನೂ ಸವರಿಕೊಂಡು ಹೋಗುವ ಬೆಂಗಳೂರು-ಪುಣೆ ಹೆದ್ದಾರಿಗೆ ಯಾವ ಬಣ್ಣ ಬಳಿಯೋದು? ಬೆಂಗಳೂರಿಂದ ಮಗ ಬೈಕಲ್ಲಿ ಬಂದಿಳಿದರೆ ಹೊಸ್ತಿಲಾಚೆ ನಿಲ್ಲಿಸುವ ತಾಯಿ ಯಾರಿದ್ದಾಳೆ?

ಪ್ಲೇಗಿನ ಕಾಲದವರು ನಮ್ಮಷ್ಟು ಓದಿದವರಲ್ಲ. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಕಾಲಿಟ್ಟ ಮೇಲೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಇಲಿ ಬಿತ್ತೆಂದರೆ ಸಾಕು, ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಪ್ಲೇಗಮ್ಮನಿಗೆ ಹರಕೆಯನ್ನೂ ಹೊತ್ತರು, ಊರನ್ನೂ ಬಿಟ್ಟರು. ಬರೀ ಹರಕೆಗೇ ನಿಲ್ಲಲಿಲ್ಲ ನೋಡು, ಅದು ಜಾಣತನ. ಆದರೆ ಅವರಿಗೆ ಸತ್ತ ಇಲಿ ಕಣ್ಣಿಗೆ ಕಾಣುತ್ತಿತ್ತು. ಊರೇ ಎದ್ದು ಹೋದದ್ದರಿಂದ ಯಾರಿಗೂ ಯಾರ ಮೇಲೂ ಮುನಿಸಿಲ್ಲ. ಕೊರೋನಾ ಹಂಗಲ್ಲ. ಜ್ವರ, ಕೆಮ್ಮು ಇಲ್ಲದವರಿಂದಲೂ ಅಂಟಿತು. ಒಬ್ಬೊಬ್ಬರೇ ದೂರ ನಿಲ್ಲಬೇಕಿತ್ತು, ಒಬ್ಬೊಬ್ಬರೇ ಕೆಟ್ಟವರಾಗಬೇಕಿತ್ತು.

"ಲಸಿಕೆಗೆ ಮಾತ್ರ ಕ್ಯೂ ನಿಂತ್ರಲ್ಲಕ್ಕ?"

ನಿಂತರು, ತಡವಾಗಿ. 2021ರ ಜನವರಿ 16ಕ್ಕೆ ಶುರುವಾದಾಗ ಸೂಜಿಗೇ ಹೆದರಿದವರು, ಎರಡನೆಯ ಅಲೆ ಬಡಿದ ಮೇಲೆ ಎಲ್ಲಿ ಹಾಕ್ತಾರೆ ಅಂತ ಹುಡುಕಿದರು. ಭಯದ ಜೊತೆ ಇನ್ನೊಂದೂ ಇತ್ತು. ಮೊದಲು ಹಾಕಿಸಿಕೊಂಡವರಲ್ಲಿ ಆಶಾ ಕಾರ್ಯಕರ್ತೆಯರಿದ್ದರು. "ನಂಗೇನೂ ಆಗಿಲ್ಲ, ಬರ್ರಿ" ಅಂತ ಓಣಿಯ ಹೆಣ್ಣುಮಗಳೇ ಬಾಗಿಲಿಗೆ ಬಂದು ಕರೆದರೆ, ಫೋನಿನ ಕೆಮ್ಮಿಗಿಂತ ಅದು ಸಾವಿರ ಪಾಲು ನಾಟುತ್ತದೆ.

ಓದುಗರಲ್ಲೊಂದು ಬಿನ್ನಹ: ಮುಂದಿನ ಲಗ್ನಪತ್ರಿಕೆಯಲ್ಲಿ ಒಂದು ಸಾಲು ಹೆಚ್ಚಿಗೆ ಅಚ್ಚು ಹಾಕಿಸಿ. ಕೆಮ್ಮು-ಜ್ವರ ಇದ್ದವರು ಮನೆಯಲ್ಲೇ ಇರಿ, ಮುಯ್ಯಿ ಫೋನಿನಲ್ಲಿ ಕಳಿಸಿ, ನಾವು ಖಂಡಿತ ಮುನಿಸಿಕೊಳ್ಳುವುದಿಲ್ಲ.