ಸದ್ದಲೇ! ಅಂಬಾಸಿಡರ್ ಮಾತಾಡುತ್ತಿದೆ

ಹೂವಿನಹಡಗಲಿಯ ಹಳೇ ಮನೆಯೊಂದರ ಮುಂದೆ, ಬೇವಿನ ಮರದಡಿ, 1986ರ ಮಾಡೆಲ್ಲಿನ ಬಿಳಿ ಅಂಬಾಸಿಡರ್ ನಿಂತಿದೆ. ಬಿಳಿ ಎನ್ನುವುದು ಆರ್‌ಸಿ ಪುಸ್ತಕದ ಮಾತು. ಕಣ್ಣಿಗೆ ಕಾಣುವುದು ಬೇರೆ: ಬಾನೆಟ್ಟಿನ ಮೇಲೆ ಮೈಲಾರದ ಭಂಡಾರದ ಹಳದಿ, ಮಡ್‌ಗಾರ್ಡಿನ ಅಂಚಿಗೆ ತುಕ್ಕು, ಬಂಪರಿಗೆ ಒಣಗಿದ ನಿಂಬೆಹಣ್ಣು. ಹಿಂದಿನ ಸೀಟಿನಲ್ಲಿ ಮಲ್ಲಿಗೆ ಬುಟ್ಟಿ ಇಟ್ಟು ಇಟ್ಟು ಗುಂಡನೆಯ ಕಲೆ ಬಿದ್ದಿದೆ. ಏಳು ತಿಂಗಳು ಈ ಗಾಡಿಗೆ ಮಿಸ್ಸಿಂಗ್ ಇತ್ತು. ಬಿಟ್ಟು ಬಿಟ್ಟು ಬರುವ ಮಿಸ್ಸಿಂಗ್. ಜ್ವರವೇ ಆಗಿದ್ದರೆ ಡಾಕ್ಟರು ಎಲ್ಲ ಬಿಟ್ಟು ಹವೆ ಬದಲಾಯಿಸಿ ಎನ್ನುತ್ತಿದ್ದರು.

ಯಜಮಾನರು ಮಿರ್ಚಿ-ಮಂಡಕ್ಕಿ ತರಲು ಹೋದ ಹೊತ್ತು ನೋಡಿ ನಾನು ಮಾತಿಗೆ ಕುಳಿತೆ.

ನಾನು: ನಮಸ್ಕಾರ ಅಜ್ಜಾ. ನಾಲ್ಕು ಪ್ರಶ್ನೆ ಬರಕೊಂಡು ಬಂದೀನಿ. ಒಂದನೇದು...

ಅಂಬಾಸಿಡರ್: ತಡಿ ತಮ್ಮ. ನಾಲ್ಕು ಅಂದಿ. ನಮ್ಮ ಮನೆತನದಾಗ ನಾಲ್ಕನ್ನ ಒಂದು, ಎರಡು, ಮೂರು ಅಂತ ಸಾಲು ಹಿಡಿದು ಕೇಳಂಗಿಲ್ಲ. ಒಂದು, ಮೂರು, ನಾಲ್ಕು, ಎರಡು. ಫೈರಿಂಗ್ ಆರ್ಡರ್ ಅಂತಾರ ಇದಕ್ಕ. ಎರಡನೇ ಪ್ರಶ್ನೆ ಕಡೀಗೆ ಕೇಳು.

ನಾನು: ಆಗಲಿ. ಒಂದನೇದು, ನಿಮ್ಮ ಪರಿಚಯ.

ಅಂಬಾಸಿಡರ್: ಹುಟ್ಟಿದ್ದು ಬಂಗಾಳದ ಉತ್ತರಪಾರಾ. ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮನೆತನ. ನಾಲ್ಕು ಸಿಲಿಂಡರು, 1489 ಸಿಸಿ, ಪೆಟ್ರೋಲು. ನಾ ಹಡಗಲಿಗೆ ಬಂದಾಗ ಇದು ಬಳ್ಳಾರಿ ಜಿಲ್ಲಾ, 2021ರಿಂದ ವಿಜಯನಗರ ಜಿಲ್ಲಾ. ನಾ ನಿಂತ ಬೇವಿನ ಮರ ಮಾತ್ರ ಅದ. ಮೊದಲು ನಮ್ಮನ್ನ ಕಂಡ್ರ ಜನ ಎದ್ದು ನಿಲ್ತಿದ್ರು, ಒಳಗ ಯಾರೂ ಇರದಿದ್ರೂ. 2014ರಾಗ ಕಾರ್ಖಾನಿ ಬಾಗಿಲು ಹಾಕಿತು. 2017ಂತೂ ಭಾಳ ಕೆಟ್ಟ ವರ್ಷ ತಮ್ಮ. ಮೇ ಒಂದಕ್ಕ ಸಾಹೇಬರ ಗಾಡಿ ಮ್ಯಾಲಿನ ಕೆಂಪು ದೀಪ ತೆಗಿಸಿದ್ರು. ಅದ ವರ್ಷ ನಮ್ಮ ಹೆಸರನ್ನ ಫ್ರಾನ್ಸಿನ ಪೂಜೋ ಕಂಪನಿಗೆ 80 ಕೋಟಿಗೆ ಮಾರಿದ್ರು. ಮೈಲಾರದಾಗ ಭಕ್ತರು ಏಳು ಕೋಟಿ ಅಂತ ಕೂಗ್ತಾರ, ನನ್ನ ಬರೇ ಹೆಸರಿಗೇ 80 ಕೋಟಿ! ಅದರಾಗ ನನ್ನ ಪಾಲಿಗೆ ಒಂದು ಪ್ಲಗ್ಗೂ ಬರಲಿಲ್ಲ.

ನಾನು: ಮೂರನೇದು. ಈ ಮಿಸ್ಸಿಂಗ್ ಅಂದ್ರ ಒಳಗ ಏನಾಗ್ತೈತಿ?

ಅಂಬಾಸಿಡರ್: ಲೆಕ್ಕ ಹೇಳ್ತೀನಿ ಕೇಳು. ಇಂಜಿನ್ ನಿಮಿಷಕ್ಕ 3000 ಸುತ್ತು ತಿರುಗಿದ್ರ ನಾಲ್ಕು ಪ್ಲಗ್ಗು ಸೇರಿ 6000 ಕಿಡಿ ಹಾರಬೇಕು. ಸೆಕೆಂಡಿಗೆ ನೂರು. ಬ್ಯಾಟರಿ ಕೊಡೋದು 12 ವೋಲ್ಟು. ಅದನ್ನ ಕಾಯಿಲು ಸಾವಿರಾರು ವೋಲ್ಟಿಗೆ ಏರಸ್ತೈತಿ. ಯಾವಾಗ? ಡಿಸ್ಟ್ರಿಬ್ಯೂಟರಿನೊಳಗ ಪಾಯಿಂಟು ಕೂಡಿದ್ದು ಬಿಟ್ಟಾಗ. ಕಡ್ಡಿಪೆಟ್ಟಿಗಿ ರಟ್ಟಿನಷ್ಟು ಸಂದಿ ಅದು. ಕೂಡೋದು, ಬಿಡೋದು, ಇಷ್ಟ ಅದರ ಸಂಸಾರ. ನೂರು ಕಿಡಿಯಾಗ ನಾಕೈದು ತಪ್ಪಿದ್ರ ನೀ ಕುಂತಲ್ಲಿ ಬೆನ್ನಿಗೆ ಯಾರೋ ಗುದ್ದಿದಂಗ ಆಗ್ತೈತಿ. ಡುಬಕ್. ಮತ್ತ ಏನೂ ಆಗಿಲ್ಲ ಅನ್ನೋಹಂಗ ಮುಂದ ಹೋಗ್ತೈತಿ.

ನಾನು: ಮೆಕ್ಯಾನಿಕ್ ಮುಂದ ಯಾಕ ಆಗಂಗಿಲ್ಲ?

ಅಂಬಾಸಿಡರ್: ಇದು ನಾಟಕದ ಊರು ತಮ್ಮ. ಎಂ.ಪಿ. ಪ್ರಕಾಶರು ರಂಗಭಾರತಿ ಕಟ್ಟಿದ ಊರು. ಪ್ರೇಕ್ಷಕರ ಮುಂದ ಹೆಂಗಿರಬೇಕು ಅಂತ ನನಗೂ ಗೊತ್ತೈತಿ.

ಇಷ್ಟು ಹೇಳಿ ತಾನೇ ನಕ್ಕಿತು. ನಗುವಾಗ ಸೈಲೆನ್ಸರಿನಿಂದ ಒಂದಿಷ್ಟು ಕರಿ ಉದುರಿತು.

ಅಂಬಾಸಿಡರ್: ಚೇಷ್ಟಿ ಮಾಡಿದೆ. ಖರೇ ಅಂದ್ರ ನನ್ನನ್ನ ಯಾರೂ ಓಡಿಸಿ ನೋಡಲಿಲ್ಲ. ನಿಲ್ಲಿಸಿ ನೋಡಿದ್ರು. ನಿಂತಾಗ ನನಗೇನೂ ಇಲ್ಲ. ಮೈಲಾರದ ಕಾರ್ಣಿಕ ನೋಡೀ ಹೌದಿಲ್ಲೋ? ಗೊರವಯ್ಯ ಬಿಲ್ಲು ಏರ್ತಾನ, ‘ಸದ್ದಲೇ’ ಅಂತಾನ, ಲಕ್ಷಗಟ್ಟಲೆ ಜನ ಉಸಿರು ಬಿಗಿ ಹಿಡೀತಾರ, ಒಂದ ಒಂದು ಮಾತು ಉದುರ್ತೈತಿ. ಅದರ ಅರ್ಥ ಮಳೀಗೂ ಹಚ್ಚಬಹುದು, ಮಂತ್ರಿಮಂಡಲಕ್ಕೂ ಹಚ್ಚಬಹುದು. ನನ್ನ ಬಾನೆಟ್ ಎತ್ತಿದ ಪ್ರತಿಯೊಬ್ಬನೂ ಹಂಗ. ಕಿವಿ ಇಟ್ಟ. ಸುತ್ತ ಇದ್ದವರಿಗೆ ಸುಮ್ಮನಿರ್ರಿ ಅಂದ. ಆಮ್ಯಾಲ ಒಂದು ನುಡಿ. ಗೊರವಯ್ಯನಾದ್ರೂ ಬಿಲ್ ಕೊಡಂಗಿಲ್ಲ, ಏರ್ತಾನ.

ನಾನು: ಯಾರ‍್ಯಾರು ಏನೇನು ನುಡಿದ್ರು?

ಅಂಬಾಸಿಡರ್: ಮೊದಲ ನುಡಿ ಹಡಗಲಿಯೊಳಗ ಆತು. ಕಾರ್ಬೊರೇಟರ್ ಕಸ ಕಟ್ಟಿತಲೇ ಪರಾಕ್. ಬಿಚ್ಚಿದ್ರು, ಪೆಟ್ರೋಲಿನಾಗ ತೊಳೆದ್ರು, ಜೆಟ್ಟಿಗೆ ಗಾಳಿ ಹೊಡೆದ್ರು. ಎರಡು ದಿನ ಚಲೋ ಇದ್ದೆ. ಯಜಮಾನರು ಊರೆಲ್ಲ ಹೇಳಿಕೊಂಡು ಬಂದ್ರು. ಮೂರನೇ ದಿನ ನಸುಕಿನಾಗ ಮಲ್ಲಿಗಿ ಮೊಗ್ಗು ಏರಿಸಿಕೊಂಡು ಹೊಸಪೇಟಿಗೆ ಹೊಂಟೀವಿ, ಡುಬಕ್. ಮೊಗ್ಗಿನ ಸಂಕಟ ನಿನಗ ಗೊತ್ತಿರಬೇಕು. ಅರಳೋದ್ರೊಳಗ ಪ್ಯಾಟಿ ಸೇರಬೇಕು. ನಾ ಕುಂಟತ ಹೋಗೋದ್ರಾಗ ಡಿಕ್ಕಿಯೊಳಗ ಹೂವು ಘಮ ಘಮ ಅಂತ ಅರಳಿ ಕುಂತವು. ಹಿಂದ ವಿಜಯನಗರಕ್ಕ ಇಲ್ಲಿಂದ ತುಂಗಭದ್ರಿ ಮ್ಯಾಲ ಹಡಗಿನಾಗ ಹೂವು ಹೋಗತಿದ್ವಂತ, ಊರಿಗೆ ಹೆಸರು ಬಂದಿದ್ದು ಅದರಿಂದ ಅಂತಾರ. ಅವತ್ತು ಯಜಮಾನರು ಸ್ಟೇರಿಂಗ್ ಬಡಿದು, ‘ಇದಕ್ಕಿಂತ ಹಡಗ ಚಲೋ ಇತ್ತಲ್ಲೋ’ ಅಂದ್ರು. ಈ ಮಲ್ಲಿಗಿಗೆ ಜಿಐ ಟ್ಯಾಗು ಐತಿ. ಹೊತ್ತು ಒಯ್ಯೋ ನನಗೇನೈತಿ? ಹಗ್ಗ ಕಟ್ಟಿದ ಡಿಕ್ಕಿ.

ನಾನು: ಆಮ್ಯಾಲ?

ಅಂಬಾಸಿಡರ್: ಹಗರಿಬೊಮ್ಮನಹಳ್ಳಿಯಾಗ ಇನ್ನೊಬ್ಬಾತ ನಾಲ್ಕೂ ಪ್ಲಗ್ ಬಿಚ್ಚಿದ. ಪ್ಲಗ್ಗಿನ ಮೂತಿ ನೋಡಿದ್ರ ಒಳಗಿನ ಆರೋಗ್ಯ ತಿಳೀತೈತಿ: ಕರ‍್ರಗ ಮಸಿ ಹಿಡಿದಿದ್ರ ಪೆಟ್ರೋಲು ಹೆಚ್ಚು ಹೋಗಾಕತೈತಿ, ಬೆಳ್ಳಗ ಸುಣ್ಣದಂಗ ಇದ್ರ ಕಡಿಮಿ, ಇಟ್ಟಂಗಿ ಬಣ್ಣ ಇದ್ರ ಹೊಟ್ಟಿ ಸರಿ ಐತಿ. ನನ್ನವು ನಾಲ್ಕೂ ಇಟ್ಟಂಗಿ ಬಣ್ಣ. ಆತ ಕೈಯಾಗ ಹಿಡಿದು, ‘ಎಲ್ಲಾ ಚಲೋ ಅದಾವು’ ಅಂದ. ನಾಲ್ಕೂ ಬದಲಿ ಮಾಡಿದ.

ನಾನು: ಚಲೋ ಇದ್ದವನ್ನ ಯಾಕ ಬದಲಿ ಮಾಡಿದ?

ಅಂಬಾಸಿಡರ್: ಬಂದವರನ್ನ ಬರಿಗೈಲಿ ಕಳಸಬಾರದು ಅಂತ. ಆದ್ರ ಅವನನ್ನ ಬೈಯಂಗಿಲ್ಲ ನಾನು. ಇಂಜಿನ್ ಓಡುವಾಗ ಒಂದೊಂದ ಪ್ಲಗ್ಗಿನ ವೈರು ಕಿತ್ತು ನೋಡಿದ. ಜೀವ ಇರೋ ಸಿಲಿಂಡರಿನ ವೈರು ಕಿತ್ರ ಇಂಜಿನ್ ಸದ್ದು ಬೀಳ್ತೈತಿ, ಸತ್ತದ್ದರದು ಕಿತ್ರ ಏನೂ ಆಗಂಗಿಲ್ಲ. ಹಳೇ ಪದ್ಧತಿ, ಖರೇ ಪದ್ಧತಿ. ಯಾವುದನ್ನ ಕಿತ್ರೂ ಸದ್ದು ಬಿತ್ತು. ಅಂದ್ರ ನಾಲ್ಕೂ ಜೀವಂತ. ರಾತ್ರಿ ದೀಪ ಆರಿಸಿ ಬಾನೆಟ್ ಎತ್ತಿ, ವೈರಿನಿಂದ ಎಲ್ಲೆರ ಕಿಡಿ ಸೋರತೈತೇನು ಅಂತಲೂ ಕಣ್ಣಿಟ್ಟು ನೋಡಿದ. ಇಲ್ಲ. ಅಲ್ಲಿಗೇ ಕುಂತು ಯೋಚನಿ ಮಾಡಿದ್ರ ಉತ್ತರ ಸಿಗ್ತಿತ್ತು: ನಾಲ್ಕಕ್ಕೂ ಒಂದ ಸಲಕ್ಕ ಆಗೋ ರೋಗ ಒಂದು ಸಿಲಿಂಡರಿನಾಗ ಇರಾಕ ಸಾಧ್ಯ ಇಲ್ಲ, ನಾಲ್ಕಕ್ಕೂ ಹಂಚೋನ ಹತ್ರ ಇರಬೇಕು. ಆದ್ರ ಅಷ್ಟೊತ್ತಿಗೆ ಊಟದ ಹೊತ್ತಾತು.

ಕೊಟ್ಟೂರಿನಾಗ ಟೈಮಿಂಗ್ ಅಂದ್ರು, ಟ್ಯಾಪೆಟ್ ಅಂದ್ರು. ಬಿಡು. ಬ್ಯಾಸಗಿ ಬಂತು, ಬಳ್ಳಾರಿ ಸೀಮಿ ಬಿಸಲು ನಿನಗ ಹೇಳಬೇಕಾ. ಕೂಡ್ಲಿಗಿ ಕಡೆ ಒಬ್ಬ ಲಾರಿ ಡ್ರೈವರು, ಪೆಟ್ರೋಲು ಪೈಪಿನಾಗ ಆವಿ ಆಗ್ತೈತಿ ಅಂತ ಪಂಪಿನ ಮ್ಯಾಲ ಒದ್ದಿ ಬಟ್ಟಿ ಸುತ್ತಿದ. ಅದೂ ಒಂದು ಖರೇ ರೋಗ, ಆದ್ರ ನನ್ನದಲ್ಲ. ಆ ಬಟ್ಟಿ ಯಜಮಾನರ ಹೊಸ ಟವಲ್ಲು, ಅದಕ್ಕ ಮನ್ಯಾಗ ಬೇರೆ ಮಿಸ್ಸಿಂಗ್ ಆತು.

ನಾನು: ಹರಪನಹಳ್ಳಿಗೂ ಹೋಗಿದ್ರಂತಲ್ಲ?

ಅಂಬಾಸಿಡರ್: ಹೋಗಿದ್ವಿ. ಅಲ್ಲಿಯ ನುಡಿ ಎಲ್ಲದಕ್ಕಿಂತ ದೊಡ್ಡದು: ಇಂಜಿನ್ ಇಳಸಬೇಕಲೇ ಪರಾಕ್. ನನಗ ಎದಿ ಡುಬಕ್ ಅಂತು. ಆದ್ರ ಆ ಊರಿನ ತಪ್ಪಲ್ಲ ಅದು. ಆ ತಾಲೂಕನ್ನ 1997ರಾಗ ಬಳ್ಳಾರಿಯಿಂದ ಬಿಚ್ಚಿ ದಾವಣಗೆರೆಗೆ ಕೂಡಿಸಿದ್ರು. ಆಮ್ಯಾಲ ದಾವಣಗೆರೆಯಿಂದ ಬಿಚ್ಚಿ ಮತ್ತ ಬಳ್ಳಾರಿಗೆ. 2021ರಾಗ ವಿಜಯನಗರಕ್ಕ. ಇಷ್ಟು ಸಲ ಬಿಚ್ಚಿ ಕೂಡಿಸಿದ್ದನ್ನ ಕಂಡವರಿಗೆ ಒಂದು ಇಂಜಿನ್ ಇಳಸೋದು ಯಾವ ಲೆಕ್ಕ?

ನಾನು: ನಾಲ್ಕನೇ ಪ್ರಶ್ನೆ. ಎಲ್ಲಾ ಈ ಎಥನಾಲ್ ಪೆಟ್ರೋಲಿಂದ ಅಂತಾರಲ್ಲ ಚಾದಂಗಡಿಯಾಗ?

ಅಂಬಾಸಿಡರ್: ಅದನ್ನ ಕೇಳಾಕಂತ ಬಂದೀ ನೀನು, ಗೊತ್ತು. ಹೌದು ಅಂತ ನಾ ಅಂದುಬಿಟ್ರ ನಿನಗ ತಲೆಬರಹ ಸಿಗ್ತೈತಿ. ಬಂಕಿನಾಗ ಈಗ ನೂರಕ್ಕ 20 ಪಾಲು ಎಥನಾಲು, ಖರೇ. ಕಬ್ಬಿನ ರಸ, ಮೆಕ್ಕೆಜೋಳ ಎಲ್ಲಾ ಸೇರಿದ್ದು. ಹರಪನಹಳ್ಳಿ ಕಡೆ ಕೋಳಿ ತಿನ್ನೋ ಜೋಳ ಈಗ ನಾ ಕುಡೀತೀನಿ, ಯಾರನ್ನ ಕುಡುಕ ಅನ್ಬೇಕು? ನನ್ನ ಕಾಲದ ರಬ್ಬರಿಗೆ, ವಾಷರಿಗೆ ಅದು ಒಗ್ಗಂಗಿಲ್ಲ. ನೀರಿನಂಶ ಹೀರ್ತೈತಿ. ನನ್ನ ಕಾರ್ಬೊರೇಟರಿಗೆ ಕಂಪ್ಯೂಟರ್ ಇಲ್ಲ, ಮಿಶ್ರಣ ತಾನ ಹೊಂದಿಸಿಕೊಳ್ಳಾಕ. ಮೈಲೇಜೂ ಒಂದಿಷ್ಟು ಬೀಳ್ತೈತಿ. ಇದೆಲ್ಲಾ ನನ್ನ ತಕರಾರು, ಬರಕೋ. ಆದ್ರ ಪೆಟ್ರೋಲಿನ ದೋಷ ಆಗಿದ್ರ ಗೇರು ಯಾವುದಿದ್ರೂ, ಏರಿದ್ರೂ ಇಳದ್ರೂ ಆಗಬೇಕಿತ್ತು. ನನಗ ಆಗ್ತಿದ್ದದ್ದು ಒಂದ ಜಾಗದಾಗ. ಅದನ್ನ ಯಾರೂ ಕೇಳಲಿಲ್ಲ.

ಸರಕಾರದ ಮ್ಯಾಲ ಸಿಟ್ಟು ಬೇಕಂದ್ರ ಬೇರೆ ಕೊಡ್ತೀನಿ ತಗೋ. 2025ರ ಆಗಸ್ಟಿನಾಗ 20 ವರ್ಷ ದಾಟಿದ ಕಾರಿನ ನವೀಕರಣ ಫೀ 10,000 ರೂಪಾಯಿ ಮಾಡ್ಯಾರ. ನನ್ನನ್ನ ಗುಜರಿಗೆ ಹಾಕಿದ್ರೂ ಯಜಮಾನರಿಗೆ ದುಃಖ, ಇಟ್ಟುಕೊಂಡ್ರೂ ದುಃಖ. ಹೊಸಪೇಟಿ ಆರ್‌ಟಿಓದಾಗ ನಿಂತ ದಿನ ಮಾತ್ರ ಒಂದ ಒಂದು ಸಲ ಮಿಸ್ ಹೊಡೀಲಿಲ್ಲ ನೋಡು. ಸಾಹೇಬರು, ‘ಗಾಡಿ ಗಟ್ಟಿ ಐತ್ರೀ’ ಅಂದ್ರು. ವಾಪಸ್ ಬರುವಾಗ ಹದಿನಾಲ್ಕು ಸಲ.

ನಾನು: ಈಗ ಎರಡನೇ ಪ್ರಶ್ನೆ ಕೇಳ್ಲಾ? ಏನಾಗಿತ್ತು ಖರೇ?

ಅಂಬಾಸಿಡರ್: ಹಾರ್ನ್ ಕೆಟ್ಟಿತ್ತು.

ನಾನು: ಹಾರ್ನಿಗೂ ಮಿಸ್ಸಿಂಗಿಗೂ?

ಅಂಬಾಸಿಡರ್: ಸಂಬಂಧ ಇಲ್ಲ. ಹಾರ್ನ್ ರಿಪೇರಿಗೆ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹುಡುಗ ಬಂದ. ಯಜಮಾನರು ಅಭ್ಯಾಸಬಲದಿಂದ ಏಳು ತಿಂಗಳ ಪುರಾಣ ಶುರು ಮಾಡಿದ್ರು. ಆ ಹುಡುಗ ಬಾನೆಟ್ಟಿಗೆ ಕಿವಿ ಇಡಲಿಲ್ಲ. ‘ಯಾವಾಗ ಆಗ್ತೈತ್ರೀ ಅಜ್ಜಾರ?’ ಅಂತ ಕೇಳಿದ. ಅಷ್ಟ. ಯಜಮಾನರು ತಲಿ ಕೆರಕೊಂಡ್ರು. ಹುಡುಗ ತಾನ ಸ್ಟೇರಿಂಗ್ ಹಿಡಿದು ಮಾಗಳದ ದಾರಿಗೆ ಹೊಡದ. ಐಡ್ಲಿಂಗ್‌ನಾಗ ಇಲ್ಲ. ಕಾಲು ಪೂರಾ ಒತ್ತಿದ್ರ ಇಲ್ಲ. ಅರ್ಧ ಆಕ್ಸಿಲರೇಟರ್‌ನಾಗ ಆರಾಮ ಹೋಗುವಾಗ ಮಾತ್ರ ಡುಬಕ್ ಡುಬಕ್.

ಡಿಸ್ಟ್ರಿಬ್ಯೂಟರಿನ ಮಗ್ಗಲಿಗೆ ಒಂದು ತಗಡಿನ ಡಬ್ಬಿ ಐತಿ, ವ್ಯಾಕ್ಯೂಮ್ ಅಡ್ವಾನ್ಸ್ ಅಂತಾರ. ಅರ್ಧ ಆಕ್ಸಿಲರೇಟರ್‌ನಾಗ ಇಂಜಿನ್ ಸಣ್ಣ ಪೈಪಿನಿಂದ ಗಾಳಿ ಎಳೀತೈತಿ, ಡಬ್ಬಿಯೊಳಗಿನ ಪೊರೆ ಪಾಯಿಂಟು ಕುಂತ ತಟ್ಟಿಯನ್ನ ಒಂದೀಟು ತಿರುವ್ತೈತಿ, ಕಿಡಿ ಸ್ವಲ್ಪ ಮೊದಲ ಹಾರಲಿ ಅಂತ. ಪೂರಾ ಒತ್ತಿದ್ರ ಎಳೆತ ಬಿಡ್ತೈತಿ, ತಟ್ಟಿ ತನ್ನ ಜಾಗಕ್ಕ ಬರ್ತೈತಿ. ಹುಡುಗ ಆ ಪೈಪು ಕಿತ್ತು, ಬಾಯಿಗೆ ಒಂದು ಬೇವಿನ ಕಡ್ಡಿ ತುರುಕಿದ. ಮತ್ತ ಓಡಿಸಿದ. ಮಿಸ್ಸಿಂಗ್ ಮಾಯ! ಕ್ಯಾಪ್ ತೆಗೆದ, ಪಾಯಿಂಟಿನಿಂದ ಹೊರಗ ಬರೋ ವೈರನ್ನ ಚಿಮಟದಾಗ ಹಿಡಿದು ಮೆಲ್ಲಕ ಎಳೆದ. ಗೇಣುದ್ದವೂ ಇಲ್ಲ ಅದು. ವೈರು ರಬ್ಬರಿನಂಗ ಹಿಗ್ಗಿತು. ಮ್ಯಾಲಿನ ಹೊದಿಕಿ ಗಟ್ಟಿ, ಒಳಗಿನ ತಾಮ್ರದ ಎಳಿ ಎಲ್ಲಾ ಹರದಿದ್ವು. ತುದಿಗೆ ತುದಿ ತಾಗಿಸಿಕೊಂಡು ಕುಂತಿದ್ವು, ತಟ್ಟಿ ತಿರುಗಿದಾಗ ಬಿಡತಿದ್ವು. ಹೂವು ಕಟ್ಟೋರು ಕಂಡಿರ್ತಾರ ಇದನ್ನ: ದಂಡಿ ನೋಡಾಕ ಚಲೋ ಇರ್ತೈತಿ, ಒಳಗ ಬಾಳಿನಾರು ಹರದಿರ್ತೈತಿ.

ನಾನು: ಖರ್ಚು?

ಅಂಬಾಸಿಡರ್: ಹಾರ್ನಿಗೆ 150 ರೂಪಾಯಿ. ವೈರಿಗೆ 20. ಎಳಿ ಎಳಿ ಇರೋ ಮೆತ್ತನ ವೈರನ್ನ ಬೆಸುಗಿ ಹಾಕಿದ. ಗಟ್ಟಿ ವೈರು ಹಾಕಿದ್ರ ತಟ್ಟಿ ತಿರುಗಂಗಿಲ್ಲ ಅಂತ ಅವನ ಹೇಳಿದ.

ನಾನು: ಯಜಮಾನರಿಗೆ ಖುಷಿ ಆಗಿರಬೇಕು.

ಅಂಬಾಸಿಡರ್: ಅಲ್ಲೇ ಕುಂತೈತಿ ನೋಡು ತೊಂದರಿ. ಏಳು ತಿಂಗಳು, ಐದು ತಾಲೂಕು, ಹೊಸ ಪ್ಲಗ್ಗು, ಹೊಸ ಟವಲ್ಲು, ಕಡೀಗೆ 20 ರೂಪಾಯಿ ವೈರು ಅಂತ ಚಾದಂಗಡಿಯಾಗ ಹೆಂಗ ಹೇಳಾಕ ಬರ್ತೈತಿ? ಎರಡು ದಿನ ಹೊರಗ ಬೀಳಲಿಲ್ಲ. ನೀ ಏನಂತ ಬರೀತಿ?

ನಾನು: ಇದ್ದದ್ದು ಇದ್ದಂಗ. ವೈರು ಅಂತ.

ಅಂಬಾಸಿಡರ್: ಬ್ಯಾಡ ತಮ್ಮ. ಕೈ ಮುಗೀತೀನಿ, ಕೈ ಇಲ್ಲ, ವೈಪರ್ ಮುಗೀತೀನಿ. ಅವರು ಪತ್ರಿಕಿ ಮೊದಲ ಪುಟದಿಂದ ಜಾಹೀರಾತಿನ ತನಕ ಓದೋ ಮನಿಷ್ಯಾ...

ಅಷ್ಟರಲ್ಲಿ ಯಜಮಾನರು ಕಾಗದದ ಪೊಟ್ಟಣ ಹಿಡಿದು ಬಂದರು. ಮಿರ್ಚಿಯ ಎಣ್ಣೆ ಕಾಗದ ದಾಟಿ ಅವರ ಅಂಗೈಗೆ ಬಂದಿತ್ತು. ಅಂಬಾಸಿಡರ್ ಕಬ್ಬಿಣದಂತೆ ಸುಮ್ಮನಾಯಿತು.

‘ಏನಂತೈತಿ ನಮ್ಮ ಗಾಡಿ?’ ಎಂದರು.

ನಾನು ಬೇವಿನ ಮರ ನೋಡಿದೆ, ಬಾನೆಟ್ಟಿನ ಭಂಡಾರ ನೋಡಿದೆ. ‘ಕಾರ್ಬೊರೇಟರ್ ಅಂತರೀ ಅಜ್ಜಾರ’ ಎಂದೆ.

ಅವರ ಮುಖ ಅರಳಿತು. ಪೊಟ್ಟಣ ಬಿಚ್ಚಿ ದೊಡ್ಡ ಮಿರ್ಚಿಯನ್ನೇ ಆರಿಸಿ ನನ್ನ ಕೈಗಿಟ್ಟರು. ‘ನಾ ಮೊದಲ ದಿನಾ ಹೇಳಿದ್ನೋ ಇಲ್ಲೋ?’