‘ನಾಳೆಯಿಂದ’ ಯಂತ್ರ: ಬಳಕೆದಾರರ ಕೈಪಿಡಿ

ನಮ್ಮ ‘ನಾಳೆಯಿಂದ’ ಯಂತ್ರವನ್ನು ಮನೆಗೆ ತಂದುದಕ್ಕೆ ಧನ್ಯವಾದಗಳು. ‘ಒಂದು ಕಾದಂಬರಿ ಬರೀಬೇಕು ಮಾರಾಯ್ರೆ’ ಎಂದು ಬಹುಕಾಲದಿಂದ ಹೇಳಿಕೊಂಡು ಬಂದವರಿಗಾಗಿಯೇ ತಯಾರಾದ ಮಾದರಿ ಇದು. ಕರೆಂಟು ಬೇಡ, ಬ್ಯಾಟರಿ ಬೇಡ. ಒಂದು ಸದುದ್ದೇಶವಿದ್ದರೆ ಸಾಕು, ವರ್ಷಗಟ್ಟಲೆ ಓಡುತ್ತದೆ.

ಜೋಡಣೆ

ಮೇಜನ್ನು ಪೂರ್ವಕ್ಕೆ ತಿರುಗಿಸಿ. ಆಮೇಲೆ ಉತ್ತರಕ್ಕೆ. ದುಬಾರಿ ನೋಟ್‌ಬುಕ್ ಕೊಳ್ಳಿ; ಇಷ್ಟು ಚಂದದ ಹಾಳೆಯ ಮೇಲೆ ಗೀಚುವುದು ಹೇಗೆಂದು ಬೀರುವಿನಲ್ಲಿಡಿ. ಕಂಪ್ಯೂಟರ್ ಇದ್ದವರು ‘ನುಡಿ’ಯೋ ‘ಬರಹ’ವೋ, ಯೂನಿಕೋಡ್ ಆದರೆ ಪ್ರೆಸ್ಸಿನವರು ಒಪ್ಪುತ್ತಾರೋ ಇಲ್ಲವೋ ಎಂದು ನಾಲ್ವರು ಗೆಳೆಯರನ್ನು ವಿಚಾರಿಸಿ. ನಾಲ್ವರೂ ನಾಲ್ಕು ಥರ ಹೇಳುತ್ತಾರೆ. ಅಷ್ಟರಲ್ಲಿ ಭಾನುವಾರ ಮುಗಿದಿದ್ದರೆ ಜೋಡಣೆ ಸರಿಯಾಗಿದೆ.

ಚಾಲನೆ

ಶುರುಮಾಡಲು ಸೋಮವಾರ ಪ್ರಶಸ್ತ. ಆದರೆ ಅಂದು ಬೆಳಿಗ್ಗೆ 7.30ರಿಂದ 9ರವರೆಗೆ ರಾಹುಕಾಲ, 9ರ ಮೇಲೆ ಆಫೀಸು. ಹಾಗಾಗಿ ಒಂದನೇ ತಾರೀಖಿಗೆ ದೂಡಿ. ಅದು ಆಷಾಢದಲ್ಲಿ ಬಿದ್ದರೆ ಶ್ರಾವಣಕ್ಕೆ. ಶ್ರಾವಣದಲ್ಲಿ ಸಾಲು ಹಬ್ಬ, ದಸರೆಗೆ ನೆಂಟರು. ಯುಗಾದಿಯೇ ಲೇಸು. ಅಲ್ಲಿಯವರೆಗೆ ಕಥೆಯನ್ನು ಸಿಕ್ಕವರಿಗೆಲ್ಲ ಹೇಳುತ್ತಿರಿ. ಅವರು ‘ಭೇಷ್’ ಎಂದರೆ ಬರೆದಷ್ಟೇ ತೃಪ್ತಿ. ಯಂತ್ರಕ್ಕೆ ಬೇಕಾದ ಎಣ್ಣೆ ಅದೇ.

ಒಳಗಿನ ತಂತ್ರ

ದೆವ್ವ ಬಂದು ಬಾಗಿಲು ಬಡಿಯುತ್ತದೆಂದು ನಮ್ಮ ಊರುಗಳಲ್ಲಿ ಗೋಡೆಯ ಮೇಲೆ ‘ನಾಳೆ ಬಾ’ ಎಂದು ಬರೆದಿಡುತ್ತಿದ್ದರಲ್ಲ, ಇದರೊಳಗಿರುವುದೂ ಅಷ್ಟೇ. ಬಂದ ಕೆಲಸ ಅದನ್ನೋದಿ ಹಿಂದಿರುಗುತ್ತದೆ. ತೊಡಕೊಂದೇ: ಮರುದಿನ ಮತ್ತೆ ಬರುತ್ತದೆ, ನಿಮ್ಮ ನಿದ್ದೆಯ ಹೊತ್ತಿಗೇ ಬರುತ್ತದೆ.

ಯಂತ್ರ ಕೆಡುವ ಸಂದರ್ಭಗಳು

1. ಹೊತ್ತು ಗೊತ್ತುಮಾಡುವುದು. ಇಂಗ್ಲೆಂಡಿನ ಆಂಟನಿ ಟ್ರಾಲಪ್ ಅಂಚೆ ಇಲಾಖೆಯ ನೌಕರ. ಬೆಳಿಗ್ಗೆ 5.30ಕ್ಕೆ ಮೇಜಿನ ಮುಂದೆ ಹಾಜರ್. ಕಾಫಿ ತಂದು ಎಬ್ಬಿಸುವುದಕ್ಕೆಂದೇ ಆಳಿಗೆ ವರ್ಷಕ್ಕೆ 5 ಪೌಂಡ್ ಹೆಚ್ಚಿಗೆ ಕೊಡುತ್ತಿದ್ದ. ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ ಬರೆಯುತ್ತಿದ್ದ. ಕೊನೆಗೆ ಲೆಕ್ಕ ಹಾಕಿದರೆ 47 ಕಾದಂಬರಿ! ಸ್ಫೂರ್ತಿಗೆ ಕಾಯದ ಇಂಥವರ ಮನೆಯಲ್ಲಿ ನಮ್ಮ ಯಂತ್ರ ತುಕ್ಕು ಹಿಡಿಯುತ್ತದೆ.

2. ಸಂಕಲ್ಪಕ್ಕೆ ಗೂಟ ಹೊಡೆಯುವುದು. ‘ಬರೆಯುತ್ತೇನೆ’ ಎಂದಷ್ಟೇ ಅಂದುಕೊಂಡರೆ ಯಂತ್ರಕ್ಕೆ ಅಪಾಯವಿಲ್ಲ. ‘ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ’ ಎಂದು ಮೊದಲೇ ಕಟ್ಟಿಟ್ಟುಕೊಂಡವರು ಕೆಲಸಕ್ಕಿಳಿಯುವುದು ಹೆಚ್ಚು ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್‌ವಿಟ್ಜರ್ 1999ರಲ್ಲಿ ಪ್ರಬಂಧವನ್ನೇ ಬರೆದ. ಆದ್ದರಿಂದ ‘ಕಾಫಿ ಲೋಟ ಕೆಳಗಿಟ್ಟ ಕೂಡಲೇ ಅರ್ಧ ಪುಟ’ ಎಂಬಂಥ ಕರಾರುಗಳಿಂದ ದೂರವಿರಿ.

3. ಕೆಟ್ಟ ವಾಕ್ಯ. ಎಲ್ಲಕ್ಕಿಂತ ಅಪಾಯಕಾರಿ ಇದು. ‘ಜಡಿಮಳೆ ಸುರಿಯುತ್ತಿತ್ತು’ ಎಂದು ಬರೆದಿರೆನ್ನಿ. ‘ಥೂ, ಸವಕಲು’ ಎಂದು ಒಳಗಿನಿಂದ ದನಿ ಬರುತ್ತದೆ. ಕೂಡಲೇ ಹೊಡೆದುಹಾಕಿ ಎದ್ದು ಹೋದರೆ ಯಂತ್ರ ಕ್ಷೇಮ. ಅದು ಬಿಟ್ಟು ‘ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಿತು’ ಎಂದು ಮುಂದುವರಿಸಿದಿರೋ, ಬಸ್ಸಿನಿಂದ ಇಳಿದ ಹೆಂಗಸು ಯಾರೆಂದು ನಿಮಗೇ ಗೊತ್ತಾಗಬೇಕೆನಿಸುತ್ತದೆ. ಅವಳ ಕೈಯಲ್ಲಿ ಕೊಡೆ ಏಕಿಲ್ಲ? ಅವಳಿಗಾಗಿ ಯಾರೂ ಏಕೆ ಕಾದಿಲ್ಲ? ಇಷ್ಟಾಗುವಾಗ ಯಂತ್ರ ಬಂದ್ ಬಿದ್ದಿರುತ್ತದೆ. ಹಿಂಜರಿಕೆಯ ಜೋರೆಲ್ಲ ಹೊಸಿಲಿನ ಹೊರಗೆ. ಒಳಗೆ ಕಾಲಿಟ್ಟವರ ಹತ್ತಿರ ಅದರ ಆಟ ನಡೆಯುವುದಿಲ್ಲ.

ವಾರಂಟಿ

ಯಂತ್ರಕ್ಕೆ ಆಜೀವ ವಾರಂಟಿ ಇದೆ. ಬಳಕೆದಾರರ ಆಯುಷ್ಯಕ್ಕೆ ಇಲ್ಲ. ಸಾಕಾಯಿತೆನ್ನುವವರು ರಸೀದಿ ಹಿಡಿದು ನಮ್ಮಲ್ಲಿಗೆ ಬರಬೇಕಾಗಿಲ್ಲ. ಇವತ್ತು ಮಲಗುವ ಮೊದಲು, ಕೆಟ್ಟದ್ದಾದರೂ ಸರಿ, ಎರಡು ವಾಕ್ಯ ಬರೆಯಿರಿ, ಹೊಡೆದುಹಾಕಬೇಡಿ.