ಸೀಲು ಮೊದಲು, ಕಾಫಿ ಆಮೇಲೆ

ಮೂಡಿಗೆರೆ, ಕಳಸದ ಕಡೆ ಹೋದರೆ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ: ಬೆಂಗಳೂರಿನ ಐಟಿ ಕೆಲಸ ಬಿಟ್ಟು, ‘ನಮ್ಮದೇ ಬ್ರ್ಯಾಂಡ್’ ಮಾಡಲು ತೋಟಕ್ಕೆ ಮರಳಿದ ಚಿಕ್ಕಗೌಡರು. ಕಾಫಿ ಇನ್ನೂ ಗಿಡದಲ್ಲಿ ಹಸಿರುಕಾಯಿ. ಪೊಟ್ಟಣಕ್ಕೆ ಒತ್ತುವ ಸೀಲಿನ ಕೆಲಸ ಮಾತ್ರ ಭರದಿಂದ ಸಾಗಿರುತ್ತದೆ.

ಪೇಟೆಯಲ್ಲಿ ರಬ್ಬರ್ ಸ್ಟಾಂಪು ಮಾಡಿಕೊಡುವವರಿದ್ದಾರಲ್ಲ? ಅದು ಪಿಡಿಒಗಳಿಗಾಯಿತು. ಗೌಡರಿಗೆ ಬೇಕಾದ್ದು ಫೋಟೊಪಾಲಿಮರ್. ಜೇನಿನಷ್ಟು ಮಂದವಾದ ಈ ದ್ರವ ಯುವಿ ಬೆಳಕು ಬಿದ್ದಲ್ಲಿ ಗಟ್ಟಿಯಾಗುತ್ತದೆ. ಅಕ್ಷರವಷ್ಟೇ ಪಾರದರ್ಶಕ, ಉಳಿದದ್ದೆಲ್ಲ ಕಪ್ಪಾಗಿರುವ ಫಿಲ್ಮನ್ನು ಗಾಜಿನ ಮೇಲಿಟ್ಟು, ಸುತ್ತ ಫೋಮ್ ಟೇಪಿನ ಕಟ್ಟೆ ಕಟ್ಟಿ, ದ್ರವ ಹೊಯ್ದು, ಇನ್ನೊಂದು ಗಾಜು ಮುಚ್ಚಿ ಕ್ಲಿಪ್ ಹಾಕಬೇಕು. ಹಿಂಬದಿಗೆ ತುಸು ಬೆಳಕು ಕೊಟ್ಟರೆ ತಳ ಕೂರುತ್ತದೆ. ಫಿಲ್ಮಿನ ಕಡೆಯಿಂದ ಕೊಟ್ಟರೆ ಅಕ್ಷರ ಏಳುತ್ತದೆ. ಗಟ್ಟಿಯಾಗದ್ದನ್ನು ಉಗುರುಬೆಚ್ಚಗಿನ ಸೋಪುನೀರಲ್ಲಿ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೆದು, ಅಂಟು ಹೋಗಲು ನೀರೊಳಗಿಟ್ಟು ಮತ್ತೆ ಬೆಳಕು ಹಿಡಿಯಬೇಕು.

ಹೆಂಡತಿಯ ನೇಲ್ ಪಾಲಿಶ್ ಒಣಗಿಸುವ ಯುವಿ ದೀಪ ಹೀಗೆ ತೋಟದ ಆಸ್ತಿಯಾಯಿತು. ಜುಲೈನ ಮಲೆನಾಡಲ್ಲಿ ಕರೆಂಟು ಎಲ್ಲಿಂದ ಬರಬೇಕು? ಬಿಸಿಲಲ್ಲೂ ಯುವಿ ಇದೆಯೆಂದು ಗಾಜು ಹೊತ್ತು ಅಂಗಳಕ್ಕಿಳಿದವರು, ಕೊಡೆಯಡಿ ನಿಂತು ಬಿಸಿಲಿಗೆ ಕಾದರು.

ಲಿಪಿಯೂ ಸತಾಯಿಸಿತು. ‘ಚಿಕ್ಕಮಗಳೂರು’ ಎಂಬಲ್ಲಿ ಬೆಳಕು ಹೆಚ್ಚಾಗಿ, ಕಕಾರದ ಒತ್ತಿನ ಸಂದಿಯೆಲ್ಲ ಮುಚ್ಚಿ ಉಂಡೆಯಾಯಿತು.

ಕೊನೆಗೂ ‘ಬಾಬಾಬುಡನ್‌ಗಿರಿ ಅರೇಬಿಕಾ’ ಅಚ್ಚುಕಟ್ಟಾಗಿ ಮೂಡಿತು. ಅಕ್ರಿಲಿಕ್ ತುಂಡಿಗೆ ಅಂಟಿಸಿ ಖಾಕಿ ಪೊಟ್ಟಣಕ್ಕೆ, ಹೋಂಸ್ಟೇ ಬಿಲ್ಲಿಗೆ, ಕಡೆಗೆ ತೋಟದ ರೈಟರ ಹಾಜರಿ ಪುಸ್ತಕಕ್ಕೂ ಒತ್ತಿದರು. ರೈಟರು ಪುಸ್ತಕ ತಿರುಗಿಸಿ ನೋಡಿ, “ಚಿಕ್ಕಗೌಡ್ರೇ, ನಮ್ದು ರೊಬಸ್ಟಾ ಅಲ್ವಾ?” ಎಂದರು.

ಪ್ರಶ್ನೆ ಸಣ್ಣದಲ್ಲ. ಬಾಬಾಬುಡನ್‌ಗಿರೀಸ್ ಅರೇಬಿಕಾ 2019ರಲ್ಲಿ ಜಿಐ ಟ್ಯಾಗ್ ಪಡೆದಿದೆ. ಮೂಡಿಗೆರೆಯ ರೊಬಸ್ಟಾಕ್ಕೆ ಆ ಹೆಸರು ಒತ್ತುವಂತಿಲ್ಲ. ಯೆಮನ್‌ನಿಂದ ಏಳೇ ಬೀಜ ಬಚ್ಚಿಟ್ಟು ತಂದರೆಂಬ ಪ್ರತೀತಿಯ ಬಾಬಾಬುಡನ್‌ಗೆ ಈ ಕಾಗದಪತ್ರದ ಕಾಟವಿರಲಿಲ್ಲ.

‘ರೊಬಸ್ಟಾ’ ಎಂಬ ಹೊಸ ಫಿಲ್ಮು ಸಿದ್ಧವಾಗುವಷ್ಟರಲ್ಲಿ, ದೊಡ್ಡಗೌಡರು ಕಳೆದ ಕೊಯ್ಲಿನಲ್ಲಿ ಉಳಿದಿದ್ದ ಚೆರ್ರಿಯನ್ನೆಲ್ಲ ಗೋಣಿಚೀಲಕ್ಕೆ ತುಂಬಿಸಿ ಕ್ಯೂರಿಂಗ್ ವರ್ಕ್ಸ್‌ಗೆ ಲಾರಿ ಹತ್ತಿಸಿದ್ದರು.

“ಚೀಲಕ್ಕೆ ಸೀಲು ಬೇಡ್ವಾ ಅಪ್ಪಯ್ಯ?”

“ತೂಕದ ಚೀಟಿಗೆ ಅವರೇ ಹಾಕ್ತಾರೆ ಮಾರಾಯ.”